ಭವಿಷ್ಯ ಬರೆಯುತ್ತಿದ್ದ ಇಂಗ್ಲಿಷ್ ಮೇಷ್ಟ್ರು

ಮೇಷ್ಟ್ರು ತೀರಿಕೊಂಡ ಸುದ್ದಿ ವಾಟ್ಸಾಪಿನಲ್ಲಿ ಬಂದಾಗ ನಾನು ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ ಕುಳಿತಿದ್ದೆ. ತಿದ್ದುವುದನ್ನು ನಿಲ್ಲಿಸಲಿಲ್ಲ. ಕಟ್ಟು ಮುಗಿದ ಮೇಲೆ ಎದ್ದು ಮುಖ ತೊಳೆದು, ದಿನಚರಿಯಲ್ಲಿ ಆ ದಿನದ ತಾರೀಖಿನ ಕೆಳಗೆ ಬರೆದೆ: ‘ಮೇಷ್ಟ್ರು ಹೋದರು. ಅಳು ಬರಲಿಲ್ಲ.’

ಮುಂದಿನ ವಾರ ಗಿರೀಶ್ ಫೋನ್ ಮಾಡಿದರು. ಮೇಷ್ಟ್ರ ಮನೆಪಾಠದಲ್ಲಿ ಅವರು ನನ್ನ ಬ್ಯಾಚು, ಮೊದಲ ಬೆಂಚು. ಈಗ ಎನ್.ಆರ್. ಕಾಲೋನಿಯಲ್ಲಿ ಮನೆ, ಸೈಟು ಮಾರಿಸುವ ವ್ಯವಹಾರ ಮಾಡುತ್ತಾರೆ.

“ಮೇಡಂ, ಮೇಷ್ಟ್ರ ನೆನಪಿಗೆ ಒಂದು ಸಂಚಿಕೆ ತರ್ತಿದೀವಿ. ನೀವು ಎರಡು ಪುಟ ಬರ್ಕೊಡ್ಬೇಕು.”

“ನಾನ್ಯಾಕೆ?”

“ನಮ್ಮ ಬ್ಯಾಚಲ್ಲಿ ಇಂಗ್ಲಿಷ್ ಲೆಕ್ಚರರ್ ಆಗಿರೋರು ನೀವೊಬ್ರೇ ಅಲ್ವಾ? ಆದ್ರೆ ಸ್ವಲ್ಪ ಪಾಸಿಟಿವ್ ಆಗಿರ್ಲಿ ಮೇಡಂ. ಆವತ್ತು ಫಂಕ್ಷನ್ ಹಾಲಲ್ಲಿ ಆಗಿದ್ದೆಲ್ಲ ಬೇಡ.”

“ನಡೆದಿದ್ದನ್ನ ಬರೀತೀನಿ ಗಿರೀಶ್.”

“ಅದೇ ಮೇಡಂ ನನ್ನ ಭಯ.”

ನನಗೆ ಹೈಸ್ಕೂಲಿನಿಂದ ದಿನಚರಿಯ ಅಭ್ಯಾಸ. ಯಾವ ದಿನ ಏನಾಯಿತು, ಯಾರು ಏನೆಂದರು, ಎಷ್ಟು ಸಲ ಅಂದರು ಎಂದು ಗೆರೆ ಎಳೆದು ಎಣಿಸಿಡುತ್ತೇನೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಸಿಟ್ಟು ನನ್ನದೇ ಇರಬಹುದು, ಸಂಗತಿಗಳನ್ನು ಮಾತ್ರ ನಾನು ಹುಟ್ಟಿಸಿಕೊಂಡಿಲ್ಲ.

ಮೇಷ್ಟ್ರ ಮನೆ ಬಸವನಗುಡಿಯಲ್ಲಿ, ಗಾಂಧಿಬಜಾರಿನ ಹಿಂದಿನ ಒಂದು ಅಡ್ಡರಸ್ತೆಯಲ್ಲಿತ್ತು. ಕೆಳಗೆ ಸಂಸಾರ, ಮಹಡಿಯ ಮೇಲೆ ತರಗತಿ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಅವರು ತೋಳಿಲ್ಲದ ಬೂದು ಸ್ವೆಟರ್ ಹಾಕಿಕೊಳ್ಳುತ್ತಿದ್ದರು. ಪಂಚೆಯ ಮೇಲೆ ಸ್ವೆಟರ್. ಪಾಠಕ್ಕೆ ಮುಂಚೆ ಬಾಯಿಗೆ ಒಂದು ಲವಂಗ ಹಾಕಿಕೊಂಡರೆ ಎರಡು ಗಂಟೆಯ ಹೊತ್ತು ಅದನ್ನು ಕಚ್ಚದೆ ದವಡೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಯಾರಾದರೂ ತಪ್ಪು ವಾಕ್ಯ ಹೇಳಿದರೆ ಗದ್ದ ಎತ್ತಿ ಕಣ್ಣು ಮುಚ್ಚುವರು. ಇಡೀ ಮುಖಕ್ಕೆ ಹಲ್ಲುನೋವು ಬಂದ ಹಾಗೆ ಕಾಣುತ್ತಿತ್ತು. ಮೊದಲ ಬೆಂಚಿನವರಿಗೆ ಆ ಹಲ್ಲುನೋವಿನ ಭಾಗ್ಯವಿತ್ತು. ಮೂರನೇ ಬೆಂಚಿನಿಂದ ತಪ್ಪು ಬಂದರೆ ಅವರು ಕಣ್ಣು ಕೂಡ ಮುಚ್ಚುತ್ತಿರಲಿಲ್ಲ. ಕಿಟಕಿಯ ಆಚೆ ನೋಡುತ್ತಿದ್ದರು.

ಮೇಷ್ಟ್ರು ಅದ್ಭುತವಾಗಿ ಪಾಠ ಮಾಡುತ್ತಿದ್ದರು. ಇದನ್ನು ಬರೆಯಲು ನನಗೆ ಇಷ್ಟವಿಲ್ಲ. ಬರೆಯದಿದ್ದರೆ ಉಳಿದದ್ದನ್ನು ಯಾರೂ ನಂಬುವುದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಶಾಲೆಯಲ್ಲಿ ನಾವೆಲ್ಲ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಾಲ ಉರು ಹೊಡೆದು ಬಂದವರು. ಮೇಷ್ಟ್ರು ಮೊದಲ ದಿನವೇ ಒಂದನ್ನು ಕಿತ್ತುಹಾಕಿದರು.

“ಇಂಗ್ಲಿಷ್ ಕ್ರಿಯಾಪದಕ್ಕೆ ಭವಿಷ್ಯ ಇಲ್ಲ. ಎರಡೇ ರೂಮಿನ ಮನೆ ಅದು. ವರ್ತಮಾನ ಒಂದು ರೂಮು, ಭೂತ ಒಂದು ರೂಮು. ಭವಿಷ್ಯ ಬಂದ್ರೆ ವರಾಂಡದಲ್ಲಿ ಚಾಪೆ ಹಾಕಿ ಮಲಗಿಸ್ತಾರೆ. ಒಂದಿನ ವಿಲ್ ಹೊದಿಕೆ ಕೊಡತ್ತೆ, ಒಂದಿನ ಗೋಯಿಂಗ್ ಟು ಕೊಡತ್ತೆ, ಒಂದಿನ ವರ್ತಮಾನಾನೇ ತನ್ನ ಹೊದಿಕೆ ಕೊಡತ್ತೆ.”

ಅಷ್ಟರಲ್ಲಿ ಕೆಳಗೆ ಮೂರು ಸಲ ಬೆಲ್ ಹೊಡೆಯಿತು. ಮೇಷ್ಟ್ರು ಬೆರಳೆತ್ತಿದರು.

“ದಟ್ ವಿಲ್ ಬಿ ಮೈ ವೈಫ್ಸ್ ಸಿಸ್ಟರ್. ಹೇಳಿ, ಇದು ಭವಿಷ್ಯನಾ?”

“ಯೆಸ್ ಸರ್,” ಎಂದಿತು ಇಡೀ ತರಗತಿ.

“ಮಣ್ಣಾಂಗಟ್ಟಿ! ನಾಳೆ ಬರ್ತಾಳೆ ಅಂದ್ನಾ? ಈಗಲೇ ಬಾಗಿಲಲ್ಲಿ ನಿಂತಿದಾಳೆ. ನಾನು ನೋಡಿಲ್ಲ, ಆದ್ರೆ ಗ್ಯಾರಂಟಿ. ಮೂರು ಸಲ ಬೆಲ್ ಒತ್ತೋರು ಅವಳು ಬಿಟ್ರೆ ಬೆಂಗಳೂರಲ್ಲೇ ಇಲ್ಲ. ವಿಲ್ ಅಂದ್ರೆ ಕಾಲ ಅಲ್ಲ, ಧೈರ್ಯ. ನನ್ನ ಧೈರ್ಯ.”

ಕೆಳಗಿನಿಂದ ಹೆಂಗಸಿನ ದನಿ ಕೇಳಿತು. ನಾದಿನಿಯೇ. ತರಗತಿ ಚಪ್ಪಾಳೆ ತಟ್ಟಿತು. ಮೇಷ್ಟ್ರು ಅದನ್ನು ಒಪ್ಪಿಕೊಂಡವರಂತೆ ತೋಳಿನ ಮೇಲಿನ ಸೀಮೆಸುಣ್ಣದ ಪುಡಿ ಕೊಡವಿಕೊಂಡರು.

ಅವರ ಮಾತುಗಳು ಹೀಗೇ ಇರುತ್ತಿದ್ದವು. ‘ರೈಲ್ವೆ ಟೈಮ್‌ಟೇಬಲಲ್ಲಿ ವಿಲ್ ಹುಡುಕಿ ನೋಡಿ, ಸಿಗಲ್ಲ. ನಾಳೆ ಆರು ಗಂಟೆ ರೈಲಿಗೂ ವರ್ತಮಾನಾನೇ ಬರೀತಾರೆ. ಅಷ್ಟು ಕೊಬ್ಬು ರೈಲಿಗೆ.’ ‘ಮೋಡ ನೋಡಿ ಹೇಳೋದು ಗೋಯಿಂಗ್ ಟು. ಮೋಡ ನೋಡದೆ ಹೇಳೋದು ವಿಲ್.’ ‘ಮೇ ಅಂದ್ರೆ ಬಾಗಿಲು ಅರ್ಧ ತೆರೆದಿದೆ. ಮೈಟ್ ಅಂದ್ರೆ ಬಾಗಿಲು ಹಾಕಿದೆ, ಕಿಟಕಿ ಮಾತ್ರ ತೆರೆದಿದೆ.’ ಇವೆಲ್ಲ ನನ್ನ ದಿನಚರಿಯಲ್ಲಿವೆ. ಇವುಗಳಲ್ಲಿ ಬಹಳಷ್ಟನ್ನು ಇವತ್ತಿಗೂ ನನ್ನ ತರಗತಿಯಲ್ಲಿ ಹೇಳುತ್ತೇನೆ. ಮಕ್ಕಳು ಆಗ ನಾವು ನಕ್ಕ ಜಾಗದಲ್ಲೇ ನಗುತ್ತಾರೆ. ಅದು ನನಗೆ ಪ್ರತಿ ಸಲ ಚುಚ್ಚುತ್ತದೆ.

ಆ ಮೂರು ಬೆಂಚುಗಳ ವಿಷಯಕ್ಕೆ ಬರುತ್ತೇನೆ.

ಸೇರುವ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಎದುರು ನಿಲ್ಲಿಸಿ ಎರಡು ಮೂರು ಪ್ರಶ್ನೆ ಕೇಳಿ, “ನೀನು ಅಲ್ಲಿ ಕೂತ್ಕೋ” ಎಂದು ಬೆಂಚು ತೋರಿಸುತ್ತಿದ್ದರು. ಮೊದಲನೆಯದಕ್ಕೆ ವಿಲ್ ಬೆಂಚು ಎಂದು ಹೆಸರು. ಎರಡನೆಯದು ಮೇ. ಗೋಡೆಗೆ ಒತ್ತಿಕೊಂಡಿದ್ದ ಕೊನೆಯದು ಮೈಟ್. ಯಾವ ಲೆಕ್ಕದಲ್ಲಿ ಹಾಗೆ ಕೂರಿಸುತ್ತಾರೆಂದು ಅವರು ಹೇಳುತ್ತಿರಲಿಲ್ಲ. ಕೇಳುವ ಎದೆ ಯಾರಿಗೂ ಇರಲಿಲ್ಲ. ಮುಖ ನೋಡಿದರೆ ಬುದ್ಧಿ ಎಷ್ಟಿದೆ ಎಂದು ಅವರಿಗೆ ತಿಳಿಯುತ್ತದೆ ಎಂಬುದು ಬಸವನಗುಡಿಯ ಅಭಿಪ್ರಾಯವಾಗಿತ್ತು.

ಮಾರ್ಚ್ ತಿಂಗಳ ಕೊನೆಯ ಭಾನುವಾರ ಬೀಳ್ಕೊಡುಗೆ. ತಾರಸಿಗೆ ಶಾಮಿಯಾನ ಹಾಕಿಸಿ, ತಂದೆತಾಯಿಗಳನ್ನು ಕುರ್ಚಿಯಲ್ಲಿ ಕೂರಿಸಿ, ಮೇಷ್ಟ್ರು ಒಬ್ಬೊಬ್ಬ ವಿದ್ಯಾರ್ಥಿಯ ಹೆಸರು ಕರೆದು ಕಪ್ಪು ಹಲಗೆಯ ಮೇಲೆ ಅವರ ಬಗ್ಗೆ ಒಂದೇ ಒಂದು ಇಂಗ್ಲಿಷ್ ವಾಕ್ಯ ಬರೆಯುತ್ತಿದ್ದರು. ‘ಗಿರೀಶ್ ವಿಲ್ ಸಕ್ಸೀಡ್.’ ‘ಲತಾ ಮೇ ಡೂ ವೆಲ್.’ ಹೀಗೆ. ಅವರ ಮಟ್ಟಿಗೆ ಅದು ವರ್ಷದ ಕೊನೆಯ ಪಾಠವಾಗಿ ಶುರುವಾದದ್ದಂತೆ. ತಂದೆತಾಯಿಗಳು ಅದನ್ನು ಜಾತಕ ಮಾಡಿಕೊಂಡರು. ರೇಷ್ಮೆ ಸೀರೆ ಉಟ್ಟು ಬರುತ್ತಿದ್ದರು. ಹಲಗೆಯ ಫೋಟೊ ತೆಗೆದುಕೊಳ್ಳುತ್ತಿದ್ದರು. ಮಾರನೆಯ ದಿನ ಗಾಂಧಿಬಜಾರಿನ ತರಕಾರಿ ಸಾಲಿನಲ್ಲಿ ಮಾತು ಹೀಗಿರುತ್ತಿತ್ತು:

“ನಿಮ್ಮವನಿಗೆ ಏನ್ ಬಂತ್ರೀ?”

“ಮೇ ಕಣ್ರೀ. ರಾತ್ರಿಯೆಲ್ಲ ನಿದ್ದೆ ಇಲ್ಲ ನಮ್ಮನೆಯವ್ರಿಗೆ.”

“ಅಯ್ಯೋ ಪರ್ವಾಗಿಲ್ಲ ಬಿಡಿ. ನಮ್ಮ ಮೈದುನಂಗೂ ಮೇ ಬಂದಿತ್ತು, ಬ್ಯಾಂಕ್ ಮ್ಯಾನೇಜರ್ ಆಗಿಲ್ವಾ?”

ಮೈಟ್ ಬಂದವರ ಮನೆಯವರು ಆ ವಾರ ತರಕಾರಿಗೆ ಬೇರೆ ಕಡೆ ಹೋಗುತ್ತಿದ್ದರು. ಹುಡುಗಿ ನೋಡಲು ಬಂದವರು ಕೂಡ ಮೇಷ್ಟ್ರು ಏನು ಬರೆದಿದ್ದರೆಂದು ವಿಚಾರಿಸಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಇದೆಲ್ಲ ಮೇಷ್ಟ್ರಿಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಗೊತ್ತಿತ್ತು. ಶಾಮಿಯಾನ ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತಿತ್ತು.

ನಾನು ಸೇರಿದ್ದು ಹತ್ತನೇ ತರಗತಿ ಮುಗಿಸಿ ಪಿಯುಸಿಗೆ ಕಾಲಿಟ್ಟಾಗ. ಅಪ್ಪ ಸರ್ಕಾರಿ ಕಚೇರಿಯಲ್ಲಿ ಅಟೆಂಡರ್ ಆಗಿ ಸೇರಿ ಗುಮಾಸ್ತರಾದವರು. ನಮ್ಮ ವಂಶದಲ್ಲಿ ಪಿಯುಸಿ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಆದರೂ ಇಂಗ್ಲಿಷ್ ಬಿ.ಎ. ಮಾಡಿ ಇಂಗ್ಲಿಷ್ ಕಲಿಸುವವಳಾಗಬೇಕು ಎಂದು ಹಟ ಹಿಡಿದಿದ್ದೆ. ಅಪ್ಪ ತಮ್ಮ ಕಚೇರಿಯಲ್ಲಿ ವಿಚಾರಿಸಿ, “ಹಾಗಾದ್ರೆ ಬಸವನಗುಡಿ ಮೇಷ್ಟ್ರ ಹತ್ರಾನೇ ಕಲೀಬೇಕಂತೆ” ಎಂದು ಕರೆದುಕೊಂಡು ಹೋದರು. ಮತ್ತಿಕೆರೆಯಿಂದ ಮೆಜೆಸ್ಟಿಕ್‌ಗೆ ಒಂದು ಬಸ್ಸು, ಅಲ್ಲಿಂದ ಬಸವನಗುಡಿಗೆ ಇನ್ನೊಂದು. ಆಗ ನಮ್ಮ ಕಡೆಯಿಂದ ಅಲ್ಲಿಗೆ ಮೆಟ್ರೊ ಇರಲಿಲ್ಲ. ಎರಡು ವರ್ಷದಲ್ಲಿ ಒಂದು ದಿನವೂ ನಾನು ತರಗತಿ ತಪ್ಪಿಸಲಿಲ್ಲ. ಮಳೆಗಾಲದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಮಹಡಿ ಹತ್ತಿದ್ದೇನೆ.

ಮೊದಲ ವರ್ಷ ಮೂರನೇ ಬೆಂಚಿನಿಂದ ನಾನು ನಲವತ್ತೊಂದು ಸಲ ಕೈ ಎತ್ತಿದೆ. ಮೇಷ್ಟ್ರು ಮೂರು ಸಲ “ಹೂಂ, ಹೇಳು” ಎಂದರು. ಮೂರನೆಯ ಸಲ ನಾನು ಇಂಗ್ಲಿಷಿನಲ್ಲಿ ಶುರು ಮಾಡಿ, ತಡವರಿಸಿ, ಕನ್ನಡಕ್ಕೆ ಜಾರಿದೆ. ತರಗತಿಯಲ್ಲಿ ನಾವು ಕನ್ನಡ ಆಡುವಂತಿರಲಿಲ್ಲ. ಮೇಷ್ಟ್ರು ಆಡಬಹುದಿತ್ತು.

“ಸರ್, ಕನ್ನಡದಲ್ಲೂ ಹಾಗೇ ಅಲ್ವಾ ಸರ್? ‘ದಿನಾ ಹೋಗ್ತೀನಿ’ ಅಂತೀವಿ, ‘ನಾಳೆ ಹೋಗ್ತೀನಿ’ ಅಂತಾನೂ ಅಂತೀವಿ. ಎರಡಕ್ಕೂ ಒಂದೇ ರೂಪ.”

ಮೇಷ್ಟ್ರು ಕಿಟಕಿಯ ಆಚೆ ನೋಡಿದರು. “ಯಾಕಮ್ಮಾ, ಮತ್ತಿಕೆರೆ ಬಸ್ಸಿಗೆ ಹೊತ್ತಾಯ್ತಾ?”

ಎಲ್ಲರೂ ನಕ್ಕರು. ಗಿರೀಶ್ ಬೆಂಚು ಬಡಿದು ನಕ್ಕರು. ನಾನು ಕುಳಿತೆ. ಮುಂದಿನ ವಾರ ಮೇಷ್ಟ್ರು ಮೊದಲ ಬೆಂಚಿನ ಕಡೆ ತಿರುಗಿ, “ನಾನು ಯೋಚನೆ ಮಾಡ್ತಾ ಇದ್ದೆ. ನಮ್ಮ ಕನ್ನಡದಲ್ಲೂ ನೋಡಿ, ‘ದಿನಾ ಹೋಗ್ತೀನಿ’, ‘ನಾಳೆ ಹೋಗ್ತೀನಿ’...” ಎಂದು ಶುರು ಮಾಡಿದರು. ನನ್ನ ಉದಾಹರಣೆಯನ್ನು ಬದಲಿಸುವ ಕಷ್ಟವನ್ನೂ ತೆಗೆದುಕೊಳ್ಳಲಿಲ್ಲ. ಆ ದಿನದ ದಿನಚರಿಯ ಪುಟದಲ್ಲಿ ಪೆನ್ನು ಕಾಗದವನ್ನು ಹರಿದುಕೊಂಡು ಹೋಗಿದೆ.

ಎರಡನೆಯ ವರ್ಷದ ಬೀಳ್ಕೊಡುಗೆಗೆ ಅಪ್ಪ ಇಸ್ತ್ರಿ ಮಾಡಿಸಿದ ಬಿಳಿ ಷರ್ಟು ಹಾಕಿಕೊಂಡು ಬಂದರು. ಹಿಂದಿನ ಸಾಲಿನಲ್ಲಿ ಕುರ್ಚಿಯ ತುದಿಯಲ್ಲಿ ಕುಳಿತರು. ನನ್ನ ಹೆಸರು ಕರೆದಾಗ ಮೇಷ್ಟ್ರು ಹಲಗೆಗೆ ತಿರುಗಿ ಬರೆದದ್ದು ಮೂರು ಪದ: ‘ಶೀ ಮೈಟ್ ಪಾಸ್.’ ನನ್ನ ಹೆಸರನ್ನೂ ಬರೆಯಲಿಲ್ಲ. ಆ ವರ್ಷ ಅವರು ಕೊಟ್ಟ ಒಳಪರೀಕ್ಷೆಗಳಲ್ಲಿ ನಾನು ಒಂದರಲ್ಲೂ ಎರಡನೆಯ ಸ್ಥಾನಕ್ಕಿಂತ ಕೆಳಗೆ ಇಳಿದಿರಲಿಲ್ಲ.

ಅಪ್ಪನಿಗೆ ಮೈಟ್ ಎಂದರೆ ಏನೆಂದು ಗೊತ್ತಿರಲಿಲ್ಲ. ಮಾರನೆಯ ದಿನ ಕಚೇರಿಯ ಸೂಪರಿಂಟೆಂಡೆಂಟರನ್ನು ಕೇಳಿಕೊಂಡು ಬಂದರು. ಸಂಜೆ ಷರ್ಟು ಬಿಚ್ಚದೆ ನನ್ನ ಎದುರು ಕುಳಿತರು.

“ಇಂಗ್ಲಿಷ್ ಬಿ.ಎ. ಬೇಡ ಕಣ್ ಪುಟ್ಟಿ.”

“ಯಾಕಪ್ಪಾ?”

“ಮೈಟ್ ಅಂದ್ರೆ ಆಗ್ಬೋದು, ಆಗ್ದೇನೂ ಇರ್ಬೋದಂತೆ. ಆಗ್ದೇ ಇರೋದೇ ಜಾಸ್ತಿಯಂತೆ.”

“ಅದು ಬರೀ ಒಂದು ವಾಕ್ಯ ಅಪ್ಪಾ!”

“ನಿಂಗೆ ಇಂಗ್ಲಿಷ್ ಕಲಿಸಿದೋರೇ ಅವ್ರು. ಆ ವಾಕ್ಯ ನಿನಗಿಂತ ಅವ್ರಿಗೆ ಗೊತ್ತು. ದೊಡ್ಡೋರು ಸುಮ್ಸುಮ್ನೆ ಬರೀತಾರಾ? ನಮಗೆ ಒಂದ್ಸಲ ಜಾರಿದ್ರೆ ಎತ್ತೋರು ಯಾರೂ ಇಲ್ಲಮ್ಮಾ.”

ನಾನು ಅತ್ತೆ. ಎರಡು ದಿನ ಊಟ ಬಿಟ್ಟೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ, ಬಗ್ಗಲೂ ಇಲ್ಲ. ನನ್ನನ್ನು ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾಗೆ ಸೇರಿಸಿದರು. ಅದು ಗ್ಯಾರಂಟಿ ಕೆಲಸವಂತೆ. ಗಿರೀಶ್ ಎಂಜಿನಿಯರಿಂಗ್ ಸೇರಿ ಅರ್ಧಕ್ಕೆ ಬಿಟ್ಟ ಸುದ್ದಿ ಬಂದಾಗ ನಾನು ಮತ್ತಿಕೆರೆಯ ಒಂದು ಲ್ಯಾಬಿನಲ್ಲಿ ಮೂತ್ರದ ಬಾಟಲಿಗಳಿಗೆ ಹೆಸರಿನ ಚೀಟಿ ಅಂಟಿಸುತ್ತಿದ್ದೆ. ಬೆಳಿಗ್ಗೆ ಬಾಟಲಿ, ಸಂಜೆ ಅಂಚೆ ತೆರಪಿನ ಬಿ.ಎ., ಆಮೇಲೆ ಎಂ.ಎ. ಎಲ್ಲರೂ ಮೂರು ಹೆಜ್ಜೆಯಲ್ಲಿ ದಾಟಿದ ಅಂಗಳವನ್ನು ನಾನು ಊರೆಲ್ಲ ಸುತ್ತಿ ದಾಟಿದೆ. ಕೆಲಸದ ಸಂದರ್ಶನಗಳಲ್ಲಿ ಕೇಳುತ್ತಿದ್ದರು, “ಡಿಪ್ಲೊಮಾ ಯಾಕೆ ಮಾಡಿದ್ರಿ ಮಧ್ಯದಲ್ಲಿ?” ಏನು ಹೇಳಲಿ? ನಮ್ಮ ಮೇಷ್ಟ್ರು ಹಲಗೆ ಮೇಲೆ ಮೂರು ಪದ ಬರೆದರು ಎನ್ನಲೇ?

ಕೊನೆಗೆ ಬಸವನಗುಡಿಯ ಒಂದು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಶನಿವಾರ, ಭಾನುವಾರ ನಾನೂ ಮನೆಪಾಠ ಶುರು ಮಾಡಿದೆ. ಬೇಕೆಂದೇ ಮೇಷ್ಟ್ರ ಮನೆಯಿಂದ ಎರಡು ರಸ್ತೆ ಆಚೆ ಕೋಣೆ ಹಿಡಿದೆ. ಅಲ್ಲಿ ಬೆಂಚುಗಳಿಗೆ ಹೆಸರಿಲ್ಲ. ಇಂಗ್ಲಿಷ್ ಕ್ರಿಯಾಪದಗಳನ್ನು ಕನ್ನಡದಲ್ಲೇ ಬಿಡಿಸಿ ಹೇಳುತ್ತೇನೆ. ಶುಡ್ ಎಂದರೆ ಮನೆಯ ಹಿರಿಯರ ದನಿ, ಮಸ್ಟ್ ಎಂದರೆ ಬಸ್ ಕಂಡಕ್ಟರನ ದನಿ, ಕುಡ್ ಎಂದರೆ ಪಕ್ಕದ ಮನೆಯವರ ಹತ್ತಿರ ಸಕ್ಕರೆ ಕೇಳುವ ದನಿ. ಮೊದಲು ಮತ್ತಿಕೆರೆ, ಪೀಣ್ಯದ ಮಕ್ಕಳು ಬಂದರು. ಆಮೇಲೆ ಮೇಷ್ಟ್ರ ಎರಡನೆಯ ಬೆಂಚು ಬಂತು. ಅಲ್ಲಿಂದ ಬಂದ ಪ್ರತಿಯೊಂದು ಮಗುವಿಗೂ ದಿನಚರಿಯಲ್ಲಿ ಒಂದೊಂದು ಗೆರೆ ಎಳೆದೆ. ಮೊದಲ ಬೆಂಚಿನ ಹುಡುಗನೊಬ್ಬ ಬಂದ ದಿನ ಗೆರೆಯನ್ನು ಕೆಂಪು ಪೆನ್ನಿನಲ್ಲಿ ಎಳೆದೆ. ಸಂಜೆ ನಡೆದು ಹೋಗುವಾಗ ಆ ಮಹಡಿಯ ಕಿಟಕಿ ನೋಡುತ್ತಿದ್ದೆ. ಒಳಗೆ ತಲೆಗಳು ಕಡಿಮೆಯಾಗುತ್ತಾ ಬಂದಿದ್ದವು. ಆ ಸಂಜೆಗಳಲ್ಲಿ ನನಗೆ ಹಸಿವು ಚೆನ್ನಾಗಿ ಆಗುತ್ತಿತ್ತು.

ಎರಡು ವರ್ಷದ ಹಿಂದೆ ಮೇಷ್ಟ್ರೇ ಫೋನ್ ಮಾಡಿಸಿದರು. ಕಾಲೇಜಿನಲ್ಲಿ ಇಂಗ್ಲಿಷ್ ಹೇಳಿಕೊಡುವ ಹುಡುಗಿಯೊಬ್ಬಳು ತಮ್ಮ ಹಳೆಯ ವಿದ್ಯಾರ್ಥಿನಿ ಎಂದು ಯಾರೋ ಹೇಳಿದ್ದರಂತೆ. ಹೋದೆ. ಬೂದು ಸ್ವೆಟರ್ ಈಗ ಅವರಿಗೆ ದೊಡ್ಡದಾಗಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಗುರುತು ಸಿಗಲಿಲ್ಲ.

“ಯಾವ ಬೆಂಚು ನೀನು?”

“ಮೂರನೇದು ಸರ್.”

“ಮೂರನೇದಾ! ಮೂರನೇ ಬೆಂಚಿಂದ ಲೆಕ್ಚರರ್! ಎಲ್ಲಿಂದ ಬರ್ತಿದ್ದೆ?”

“ಮತ್ತಿಕೆರೆ ಸರ್.”

“ಹಾ, ಅದಕ್ಕೇ,” ಎಂದು ಸಮಾಧಾನದಿಂದ ಒರಗಿಕೊಂಡರು.

“ಅದಕ್ಕೇ ಅಂದ್ರೆ ಏನ್ ಸರ್?”

ಅವರು ಹೇಳಿದ್ದನ್ನು ಆ ದಿನವೇ ಬರೆದಿಟ್ಟಿದ್ದೇನೆ. ಶುರುವಿನ ವರ್ಷಗಳಲ್ಲಿ ಅವರಿಗೆ ಒಂದೇ ತಲೆಬಿಸಿಯಂತೆ. ಮಳೆ ಬಂದರೆ, ಬಂದ್ ಆದರೆ, ಬಸ್ ತಪ್ಪಿದರೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ? ಬರುವವರನ್ನು ಮುಂದೆ ಕೂರಿಸಿದರೆ ಪಾಠ ತಡೆಯಿಲ್ಲದೆ ನಡೆಯುತ್ತದೆ. ಹಾಗಾಗಿ ಸೇರುವ ದಿನ ಮನೆ ಎಲ್ಲಿ ಎಂದು ಕೇಳುತ್ತಿದ್ದರು. ನಡೆದು ಬರುವವರು ಮೊದಲ ಬೆಂಚು: ಬಂದೇ ಬರುತ್ತಾರೆ, ವಿಲ್ ಕಮ್. ಒಂದು ಬಸ್ಸಿನವರು ಎರಡನೆಯದು: ಮೇ ಕಮ್. ಎರಡು ಬಸ್ಸು ಬದಲಿಸುವವರು ಗೋಡೆಯ ಪಕ್ಕ: ಮೈಟ್ ಕಮ್.

“ಅದು ಬರೋದು, ಬರದೇ ಇರೋದ್ರ ಲೆಕ್ಕ ಅಲ್ವಾ ಸರ್? ಬೀಳ್ಕೊಡುಗೆ ದಿನ ಬೋರ್ಡ್ ಮೇಲೆ ಬರೀತಿದ್ರಲ್ಲ, ಅದು?”

“ಬೆಂಚು ನೋಡ್ಕೊಂಡೇ ಬರೀತಿದ್ದೆ. ಅಷ್ಟು ಜನರನ್ನ ಒಬ್ಬೊಬ್ಬರನ್ನಾಗಿ ಎಲ್ಲಿ ನೆನಪಿಟ್ಕೊಳ್ಲಿ? ಗ್ರಾಮರ್ ಸರಿ ಇದ್ರೆ ಆಯ್ತು.”

“ಅಪ್ಪ ಅಮ್ಮಂದಿರು ಅದನ್ನ ನಂಬ್ತಿದ್ರು ಸರ್.”

“ನಂಬಲಿ ಬಿಡು. ನಂಬೋರಿಂದಾನೇ ಮೇಷ್ಟ್ರಿಗೆ ಮರ್ಯಾದೆ.”

ಅವರ ಹೆಂಡತಿ ಕಾಫಿ ತಂದಿಟ್ಟರು. ನಾನು ಲೋಟ ಮುಟ್ಟಲಿಲ್ಲ. ಮುಟ್ಟಿದ್ದರೆ ಎತ್ತಿ ಎಲ್ಲಿಗೆ ಎಸೆಯುತ್ತಿದ್ದೆನೋ ಗೊತ್ತಿಲ್ಲ. ಮೇಷ್ಟ್ರು ತಮ್ಮ ಕಾಫಿಯನ್ನು ನಿಧಾನವಾಗಿ ಕುಡಿದು, ಕರೆಸಿದ ಕಾರಣ ಹೇಳಿದರು. ಆ ವರ್ಷದ್ದೇ ಕೊನೆಯ ಬ್ಯಾಚು. ಕೊನೆಯ ಬೀಳ್ಕೊಡುಗೆಯನ್ನು ಹಳೆಯ ವಿದ್ಯಾರ್ಥಿಗಳು ಎನ್.ಆರ್. ಕಾಲೋನಿಯ ಒಂದು ಹಾಲಿನಲ್ಲಿ ಇಟ್ಟುಕೊಂಡಿದ್ದಾರೆ. ವೇದಿಕೆಯ ಮೇಲೆ ನಾನಿರಬೇಕು.

“ನಿಂಗೆ ಆವತ್ತೇ ವಿಲ್ ಅಂತ ಬರೆದಿದ್ದೆ ಅಂತ ಹೇಳ್ಬಿಡು. ಸಣ್ಣ ಮಾತು. ಕೇಳೋರಿಗೆ ಚೆನ್ನಾಗಿರತ್ತೆ.”

“ಬರ್ತೀನಿ ಸರ್,” ಎಂದೆ.

ಒಂದೇ ಕ್ರಿಯಾಪದ ಮಾತು ಕೊಡಬಲ್ಲದು, ಅದೇ ಕ್ರಿಯಾಪದ ಬೆದರಿಸಲೂ ಬಲ್ಲದು ಎಂದು ಅವರೇ ಕಲಿಸಿದ್ದರು. ನನ್ನ ‘ಬರ್ತೀನಿ’ ಯಾವುದೆಂದು ಅವರಿಗೆ ಹೊಳೆಯಲಿಲ್ಲ.

ಹಾಲಿಗೆ ಅಪ್ಪನನ್ನು ಕರೆದುಕೊಂಡು ಹೋದೆ. ಮೇಷ್ಟ್ರು ನನಗೆ ಹೇಳಿದ್ದೇನೆಂದು ಅಪ್ಪನಿಗೆ ಮುಂಚೆ ತಿಳಿಸಿರಲಿಲ್ಲ. ಎಲ್ಲರ ಎದುರು ಮೇಷ್ಟ್ರ ಮುಖ ನೋಡುತ್ತಾ ಅಪ್ಪ ಅದನ್ನು ಕೇಳಬೇಕು ಎಂಬುದು ನನ್ನ ಆಸೆ. ಮಗಳು ವೇದಿಕೆ ಹತ್ತುತ್ತಾಳೆಂದು ಅವರು ಹಬ್ಬದ ಮುಖ ಮಾಡಿಕೊಂಡು ಹಿಂದೆ ಕುಳಿತರು. ಆ ವರ್ಷದ ಮಕ್ಕಳು ತಮ್ಮ ಬೆಂಚಿನ ಪ್ರಕಾರ ಮೂರು ಸಾಲಿನಲ್ಲಿದ್ದರು. ಗಿರೀಶ್ ನಿರೂಪಣೆ. ಶಾಲು, ಹಾರ ಆದವು. ಹಲಗೆ, ಸೀಮೆಸುಣ್ಣ ಸಿದ್ಧವಾಗಿದ್ದವು. ವಾಕ್ಯ ಬರೆಯುವುದಕ್ಕೆ ಮುಂಚೆ ನನ್ನ ಮಾತು.

“ನನಗೆ ವಿಲ್ ಬರೆದಿದ್ರು ಅಂತ ಹೇಳು ಅಂದಿದಾರೆ ಮೇಷ್ಟ್ರು. ಅವರು ಬರೆದಿದ್ದು ಮೈಟ್. ಮೈಟ್ ಯಾಕೆ ಬಂತು ಅಂತ ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಈಗ ಅವರ ಬಾಯಿಂದಾನೇ ಗೊತ್ತಾಗಿದೆ. ನಿಮಗೂ ತೋರಿಸ್ತೀನಿ.” ಮಕ್ಕಳ ಕಡೆ ತಿರುಗಿದೆ. “ಮೊದಲನೇ ಸಾಲು, ನಿಮ್ಮ ಮನೆ ಎಲ್ಲೆಲ್ಲಿ? ಒಬ್ಬೊಬ್ಬರೇ ಹೇಳಿ.”

“ಇಲ್ಲೇ ಮೇಡಂ, ಗಾಂಧಿಬಜಾರ್.”

“ಬುಲ್ ಟೆಂಪಲ್ ರೋಡ್.”

“ಹಿಂದಿನ ರೋಡೇ ಮೇಡಂ.”

“ಮೂರನೇ ಸಾಲು?”

“ಕೆಂಗೇರಿ.”

“ಪೀಣ್ಯ ಮೇಡಂ.”

“ಯಲಹಂಕ. ಎರಡು ಬಸ್ಸು.”

ಯಲಹಂಕದ ಹುಡುಗಿ ಹೇಳಿ ಮುಗಿಸುವಷ್ಟರಲ್ಲಿ ಹಾಲಿನಲ್ಲಿ ಗುಸುಗುಸು ಎದ್ದಿತ್ತು. ನಾನು ಮೂರೇ ವಾಕ್ಯದಲ್ಲಿ ಬೆಂಚುಗಳ ಲೆಕ್ಕ ಬಿಡಿಸಿ ಹೇಳಿದೆ. ಹೇಳುವಾಗ ಮೇಷ್ಟ್ರ ಮುಖವನ್ನೇ ನೋಡುತ್ತಿದ್ದೆ. ಈ ಸಲ ಅವರಿಗೆ ನೋಡಲು ಕಿಟಕಿ ಇರಲಿಲ್ಲ.

ಗಿರೀಶ್ ಮೈಕಿಗೆ ಕೈ ಹಾಕಿದರು. ಅದಕ್ಕೆ ಮೊದಲೇ ಮುಂದಿನ ಸಾಲಿನ ತಾಯಿಯೊಬ್ಬರು ಎದ್ದರು. “ಅದೆಲ್ಲ ಇರ್ಲಿ ಮೇಡಂ, ಹೊತ್ತಾಯ್ತು. ಸಾರ್, ನಮ್ಮ ಹುಡುಗಂದು ಮೊದ್ಲು ಬರ್ದ್ಬಿಡಿ. ಅಡ್ಮಿಷನ್ ಬೇರೆ ಇದೆ.”

ಕೆಲವರು ನಕ್ಕರು. ಮೇಷ್ಟ್ರಿಗೆ ಜೀವ ಬಂದಂತಾಯಿತು. ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಕಡೆ ಹೊರಟರು. ಇಷ್ಟು ಹೇಳಿದ ಮೇಲೂ ಇವರು ಬರೆಯುತ್ತಾರೆ, ಅವರು ಫೋಟೊ ತೆಗೆಯುತ್ತಾರೆ!

ಆಗ ಹಿಂದಿನಿಂದ ಅಪ್ಪ ಎದ್ದು ನಿಂತರು. ಕೈ ಮುಗಿದರು.

“ಸಾರ್, ನಾನು ಇವಳ ತಂದೆ. ಒಂದ್ಮಾತು ಕೇಳ್ಬೋದಾ ಸಾರ್?”

“ಕೇಳಪ್ಪಾ.” ಮೇಷ್ಟ್ರು ಅಪ್ಪನನ್ನು ಏಕವಚನದಲ್ಲೇ ಮಾತಾಡಿಸಿದರು.

“ಆವಾಗ ನಾವು ಇಲ್ಲೇ ಹತ್ರದಲ್ಲಿ ಮನೆ ಮಾಡ್ಕೊಂಡಿದ್ದಿದ್ರೆ, ನನ್ನ ಮಗಳಿಗೆ ನೀವು ಏನಂತ ಬರೀತಿದ್ರಿ ಸಾರ್?”

ಅಪ್ಪನ ದನಿಯಲ್ಲಿ ಜಗಳ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದರು. ಮೇಷ್ಟ್ರು ಸೀಮೆಸುಣ್ಣವನ್ನು ಬೆರಳುಗಳ ನಡುವೆ ತಿರುಗಿಸುತ್ತಾ ನಿಂತರು. ಗೊತ್ತಿಲ್ಲ ಎನ್ನಬಹುದಿತ್ತು. ನೆನಪಿಲ್ಲ ಎಂದರೆ ಅದು ಸತ್ಯವೂ ಆಗುತ್ತಿತ್ತು. ಆದರೆ ಕ್ರಿಯಾಪದದ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟು ಅವರಿಗೆ ಅಭ್ಯಾಸವಿರಲಿಲ್ಲ.

“ವಿಲ್,” ಎಂದರು. ಮತ್ತೆ, “ವಿಲ್ ಅಂತ ಬರೀತಿದ್ದೆ.”

“ಸರಿ ಸಾರ್,” ಎಂದು ಅಪ್ಪ ಕುಳಿತರು.

ಯಲಹಂಕದ ಹುಡುಗಿಯ ತಾಯಿ ಎದ್ದು ಬಂದು ಮಗಳ ಕೈ ಹಿಡಿದುಕೊಂಡರು. ಇಬ್ಬರೂ ಹೊರಗೆ ಹೋದರು. ಪೀಣ್ಯದವರು ಹೋದರು. ಮೂರನೆಯ ಸಾಲು ಖಾಲಿಯಾಯಿತು, ಆಮೇಲೆ ಎರಡನೆಯದು. ಅಡ್ಮಿಷನ್ ಬೇರೆ ಇದೆ ಎಂದ ತಾಯಿ ಮಾತ್ರ ಫೋನ್ ಎತ್ತಿ ಹಿಡಿದು ಕಾಯುತ್ತಲೇ ಇದ್ದರು. ಮೇಷ್ಟ್ರು ಆ ಹುಡುಗನ ಹೆಸರು ಬರೆದರು. ಹೆಸರಿನ ಮುಂದೆ ಸೀಮೆಸುಣ್ಣ ಊರಿ ನಿಂತರು. ಕೈ ಮುಂದಕ್ಕೆ ಹೋಗಲಿಲ್ಲ. ಸೀಮೆಸುಣ್ಣವನ್ನು ಇಟ್ಟು, ಹಾರ ಹಾಕಿದ್ದ ಕುರ್ಚಿಗೆ ವಾಪಸು ಬಂದು ಕುಳಿತರು. ಆ ವರ್ಷ ಯಾರಿಗೂ ವಾಕ್ಯ ಸಿಗಲಿಲ್ಲ.

ನನಗೆ ಸಂತೋಷವಾಯಿತು. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಹಲಗೆಯ ಮೇಲೆ ಅರ್ಧಕ್ಕೆ ನಿಂತ ಆ ವಾಕ್ಯವನ್ನು ಕಣ್ತುಂಬ ನೋಡಿದೆ. ಊಟಕ್ಕೆ ಮಾಡಿಸಿದ್ದ ಬಿಸಿಬೇಳೆಬಾತನ್ನು ಎರಡು ಸಲ ಹಾಕಿಸಿಕೊಂಡೆ. ಹೊರಡುವಾಗ ಮೇಷ್ಟ್ರ ಹತ್ತಿರ ಹೋಗಿ, “ಬರ್ತೀನಿ ಸರ್” ಎಂದೆ. ಅವರು ತಲೆ ಎತ್ತಲಿಲ್ಲ. ಅದೇ ಕೊನೆ, ಮತ್ತೆ ನಾನು ಅವರನ್ನು ನೋಡಲಿಲ್ಲ. ಕ್ಷಮೆ ಕೇಳಿ ಫೋನ್ ಬರಬಹುದು ಎಂದು ಕೆಲವು ತಿಂಗಳು ಕಾದೆ. ಬರಲಿಲ್ಲ.

ಅಪ್ಪ ಏನೂ ತಿಂದಿರಲಿಲ್ಲ. ಮೆಟ್ರೊ ಸ್ಟೇಷನ್ನಿನ ಕಡೆ ನಡೆಯುವಾಗ ನಾನೇ ಮಾತಾಡುತ್ತಿದ್ದೆ. “ನೋಡಿದ್ಯಾ ಅಪ್ಪಾ ಅವ್ರ ಮುಖ? ನೀನು ಕೇಳಿದ್ಯಲ್ಲ, ಅಲ್ಲಿಗೆ ಮುಗೀತು! ನಾನು ಎಷ್ಟು ಹೇಳಿದ್ರೂ ಅಷ್ಟು ಆಗ್ತಿರಲಿಲ್ಲ.”

ಅಪ್ಪ ಫುಟ್‌ಪಾತ್ ಮೇಲೆ ನಿಂತುಬಿಟ್ಟರು. ಹಿಂದಿನಿಂದ ಬಂದವರು ನಮ್ಮನ್ನು ಬಳಸಿಕೊಂಡು ಹೋದರು.

“ಆವತ್ತೇ ಕೇಳ್ಬೇಕಿತ್ತು ಪುಟ್ಟಿ,” ಎಂದರು. “ಕೈ ಎತ್ತಿ, ಯಾಕ್ ಸಾರ್ ಹಿಂಗ್ ಬರೆದ್ರಿ ಅಂತ ಒಂದ್ಮಾತು ಕೇಳಿದ್ರೆ ಹೇಳ್ತಿದ್ರೇನೋ. ನಾನೇ ಕೇಳ್ಳಿಲ್ಲ. ನಾನೇ ಹಾಳ್ಮಾಡ್ದೆ.”

“ನೀನಲ್ಲ ಅಪ್ಪಾ, ಅವ್ರು.”

“ಅವ್ರು ಬರೆದ್ರು. ಮಾಡಿದ್ದು ನಾನಲ್ವಾ?”

ಅವರ ತೋಳು ಹಿಡಿದು ನಡೆಸಿಕೊಂಡು ಹೋದೆ. ಮೇಷ್ಟ್ರ ಬಾಯಿಂದ ಬರಲಿ ಎಂದು ನಾನು ಇಷ್ಟು ವರ್ಷ ಕಾದಿದ್ದ ಮಾತು ‘ನಾನೇ ಹಾಳ್ಮಾಡ್ದೆ’. ಬಂದದ್ದು ಅಪ್ಪನ ಬಾಯಿಂದ.

ಸತ್ತವರ ಮೇಲೆ ಇನ್ನೇನು ಸಿಟ್ಟು, ಬಿಟ್ಟುಬಿಡಿ ಎಂದು ಹಳೆಯ ಬ್ಯಾಚಿನವರು ಈಗ ನನಗೆ ಹೇಳುತ್ತಾರೆ. ಅಪ್ಪ ಬದುಕಿದ್ದಾರೆ. ನಾನು ಕಾಲೇಜಿಗೆ ಹೊರಟು ಚಪ್ಪಲಿ ಮೆಟ್ಟುವಾಗ ಈಗಲೂ ಒಮ್ಮೊಮ್ಮೆ ಬಾಗಿಲಿಗೆ ಬಂದು, “ಆವತ್ತೇ ಕೇಳ್ಬೇಕಿತ್ತು” ಎನ್ನುತ್ತಾರೆ.